ಕಾಕ್ಸ್ ಬಜಾರ್ ಶಿಬಿರಗಳು: ಹತ್ತು ಲಕ್ಷ ನಿರಾಶ್ರಿತರಿಗೆ ನೆರವು ತಲುಪುವ ಬಗೆ

ಬಾಂಗ್ಲಾದೇಶದ ಆಗ್ನೇಯ ತುದಿಯಲ್ಲಿ, ಮ್ಯಾನ್ಮಾರ್ ಗಡಿಗೆ ಹೊಂದಿಕೊಂಡು ಕಾಕ್ಸ್ ಬಜಾರ್ ಜಿಲ್ಲೆಯಿದೆ. ಉದ್ದನೆಯ ಕಡಲತೀರಕ್ಕೆ ಹೆಸರಾದ ಈ ಜಿಲ್ಲೆಯ ಉಖಿಯಾ ಮತ್ತು ಟೆಕ್ನಾಫ್ ಭಾಗಗಳಲ್ಲಿ 33 ನಿರಾಶ್ರಿತ ಶಿಬಿರಗಳಿವೆ. ಮ್ಯಾನ್ಮಾರ್‌ನ ರಖೈನ್ ರಾಜ್ಯದಿಂದ ಓಡಿಬಂದ ಹತ್ತು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಇಲ್ಲಿ ಬಿದಿರು ಮತ್ತು ತಾರ್ಪಾಲಿನ ಗುಡಿಸಲುಗಳಲ್ಲಿ ಬದುಕುತ್ತಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಕುಟುಪಲಾಂಗ್–ಬಾಲುಖಾಲಿ ಎಂಬ ದೊಡ್ಡ ಶಿಬಿರವೊಂದರಲ್ಲೇ ಸುಮಾರು 13 ಚದರ ಕಿಲೋಮೀಟರ್ ಜಾಗದಲ್ಲಿ ಆರು ಲಕ್ಷದಷ್ಟು ಜನರಿದ್ದಾರೆ. ಜಗತ್ತಿನ ಅತಿ ದೊಡ್ಡ ನಿರಾಶ್ರಿತ ಶಿಬಿರವೆಂದು ಇದನ್ನು ಗುರುತಿಸಲಾಗುತ್ತದೆ.

2025ರಲ್ಲಿ ಇಲ್ಲಿನ ಒಬ್ಬ ವ್ಯಕ್ತಿಗೆ ಆಹಾರಕ್ಕಾಗಿ ತಿಂಗಳಿಗೆ ಸಿಗುತ್ತಿದ್ದುದು ಸುಮಾರು 12 ಡಾಲರ್ ಬೆಲೆಯ ಪಡಿತರ. ರೂಪಾಯಿಯಲ್ಲಿ ಹೇಳುವುದಾದರೆ ಸಾವಿರದ ಆಸುಪಾಸು. ಶಿಬಿರದ ಹೊರಗೆ ಹೋಗಿ ದುಡಿಯಲು ಅನುಮತಿ ಇಲ್ಲದಿರುವುದರಿಂದ ಹೆಚ್ಚಿನ ಕುಟುಂಬಗಳಿಗೆ ಇದೇ ಆಧಾರ. ಅನ್ನ, ನೀರು, ಔಷಧ, ಶಾಲೆ, ಒಲೆಯ ಗ್ಯಾಸ್ ಎಲ್ಲವೂ ಹೊರಗಿನಿಂದ ಬರಬೇಕು. ಇಷ್ಟು ದೊಡ್ಡ ಜನಸಮೂಹಕ್ಕೆ ನೆರವು ಹೇಗೆ ತಲುಪುತ್ತದೆ, ಯಾರು ನಡೆಸುತ್ತಾರೆ, ಹಣ ಎಲ್ಲಿಂದ ಬರುತ್ತದೆ, ಹಣ ನಿಂತರೆ ಏನಾಗುತ್ತದೆ ಎಂಬುದರ ವಿವರ ಇಲ್ಲಿದೆ.

ಯಾರು ಇವರು, ಏಕೆ ಬಂದರು?

ರೋಹಿಂಗ್ಯಾಗಳು ರಖೈನ್ ರಾಜ್ಯದ ಉತ್ತರ ಭಾಗದ ಮುಸ್ಲಿಂ ಸಮುದಾಯ. ಅವರ ಮಾತು ಚಿತ್ತಗಾಂಗ್ ಪ್ರದೇಶದ ಆಡುನುಡಿಗೆ ಹತ್ತಿರವಾದದ್ದು. ಮ್ಯಾನ್ಮಾರ್‌ನಲ್ಲಿ 1982ರಲ್ಲಿ ಬಂದ ಪೌರತ್ವ ಕಾನೂನಿನ ನಂತರ ಅವರಲ್ಲಿ ಬಹುತೇಕರು ಯಾವ ದೇಶದ ಪ್ರಜೆಗಳೂ ಅಲ್ಲದ ಸ್ಥಿತಿಗೆ ಬಂದರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು, ಮದುವೆಯಾಗಲು ಕೂಡ ಅನುಮತಿ ಪಡೆಯಬೇಕಾದ ನಿರ್ಬಂಧಗಳು ಅವರ ಮೇಲಿದ್ದವು.

ಅವರು ಗಡಿ ದಾಟಿದ್ದು ಒಂದೇ ಬಾರಿ ಅಲ್ಲ. 1978ರಲ್ಲಿ ಸುಮಾರು ಎರಡು ಲಕ್ಷ, 1991–92ರಲ್ಲಿ ಸುಮಾರು ಎರಡೂವರೆ ಲಕ್ಷ ಜನ ಬಾಂಗ್ಲಾದೇಶಕ್ಕೆ ಬಂದಿದ್ದರು. ಅವರಲ್ಲಿ ಹೆಚ್ಚಿನವರನ್ನು ನಂತರ ಹಿಂದಕ್ಕೆ ಕಳುಹಿಸಲಾಯಿತು. 2012ರಲ್ಲಿ ರಖೈನ್‌ನಲ್ಲಿ ನಡೆದ ಕೋಮು ಗಲಭೆಯಲ್ಲಿ ಸುಮಾರು 1.4 ಲಕ್ಷ ಜನ ಮನೆ ಕಳೆದುಕೊಂಡರು.

2017ರ ಆಗಸ್ಟ್ 25ರಂದು ರೋಹಿಂಗ್ಯಾ ಸಶಸ್ತ್ರ ಗುಂಪೊಂದು ರಖೈನ್‌ನ ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿತು. ಅದಕ್ಕೆ ಪ್ರತಿಯಾಗಿ ಮ್ಯಾನ್ಮಾರ್ ಸೇನೆ ಮೌಂಗ್ಡಾ, ಬುಥಿಡೌಂಗ್, ರಥೆಡೌಂಗ್ ಪ್ರದೇಶಗಳಲ್ಲಿ ನಡೆಸಿದ ಕಾರ್ಯಾಚರಣೆಯಲ್ಲಿ ನೂರಾರು ಹಳ್ಳಿಗಳು ಸುಟ್ಟುಹೋದವು. ಮೊದಲ ಒಂದು ತಿಂಗಳಲ್ಲೇ ಕನಿಷ್ಠ 6,700 ಜನ ಹಿಂಸೆಗೆ ಬಲಿಯಾದರು, ಅವರಲ್ಲಿ ಐದು ವರ್ಷದೊಳಗಿನ 730 ಮಕ್ಕಳಿದ್ದರು ಎಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಶಿಬಿರಗಳಲ್ಲಿ ಸಮೀಕ್ಷೆ ನಡೆಸಿ ಅಂದಾಜಿಸಿತು. ಕೆಲವೇ ತಿಂಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ನಾಫ್ ನದಿ ದಾಟಿ, ಗದ್ದೆ ಬಯಲು ಹಾದು ಬಾಂಗ್ಲಾದೇಶಕ್ಕೆ ಬಂದರು. ಬಾಂಗ್ಲಾದೇಶ ಗಡಿ ತೆರೆಯಿತು. ಜನಸಾಂದ್ರತೆಯಿಂದ ಈಗಾಗಲೇ ಬಸವಳಿದಿದ್ದ ದೇಶವೊಂದು ಇಷ್ಟು ಜನರಿಗೆ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ.

ನಿರಾಶ್ರಿತರು ಮತ್ತು ನೆಲೆ ಕಳೆದುಕೊಂಡವರು

ಸುದ್ದಿಗಳಲ್ಲಿ ಈ ಎರಡು ಪದಗಳು ಒಂದೇ ಅರ್ಥದಲ್ಲಿ ಬರುವುದುಂಟು. ಕಾನೂನಿನಲ್ಲಿ ಅವುಗಳ ನಡುವೆ ದೊಡ್ಡ ಅಂತರವಿದೆ. ಹಿಂಸೆ ಅಥವಾ ಕಿರುಕುಳದ ಭಯದಿಂದ ತನ್ನ ದೇಶದ ಗಡಿ ದಾಟಿದವರು ನಿರಾಶ್ರಿತರು. ಅದೇ ಕಾರಣಕ್ಕೆ ಮನೆ ಬಿಟ್ಟರೂ ದೇಶದೊಳಗೇ ಉಳಿದವರು ಆಂತರಿಕವಾಗಿ ನೆಲೆ ಕಳೆದುಕೊಂಡವರು. ನಿರಾಶ್ರಿತರ ರಕ್ಷಣೆಗೆ 1951ರ ವಿಶ್ವಸಂಸ್ಥೆಯ ಒಪ್ಪಂದವಿದೆ. ಜೀವಕ್ಕೆ ಅಪಾಯವಿರುವ ಕಡೆಗೆ ಅವರನ್ನು ಬಲವಂತವಾಗಿ ಕಳುಹಿಸಬಾರದು ಎಂಬುದು ಅದರ ತಿರುಳು. ನೆಲೆ ಕಳೆದುಕೊಂಡವರಿಗೆ ಅಂಥ ಒಪ್ಪಂದವಿಲ್ಲ. 1998ರಲ್ಲಿ ವಿಶ್ವಸಂಸ್ಥೆ ರೂಪಿಸಿದ ಮಾರ್ಗಸೂಚಿಗಳಷ್ಟೇ ಇವೆ.

ಈ ಅಂತರ ನೆಲದ ಮೇಲೆ ಕಾಣುತ್ತದೆ. ಗಡಿ ದಾಟಿ ಕುಟುಪಲಾಂಗ್‌ಗೆ ಬಂದ ಕುಟುಂಬಕ್ಕೆ ಅಂತರರಾಷ್ಟ್ರೀಯ ಸಂಸ್ಥೆಗಳ ನೆರವು ಸಿಗುತ್ತದೆ. 2012ರಿಂದ ರಖೈನ್‌ನ ಸಿಟ್ವೆ ಪಟ್ಟಣದ ಬಳಿಯ ಶಿಬಿರಗಳಲ್ಲಿ ಉಳಿದಿರುವ ಕುಟುಂಬಕ್ಕೆ ಅದೇ ಅಕ್ಕಿಯ ಮೂಟೆ ತಲುಪಬೇಕಾದರೆ ಅಲ್ಲಿನ ಅಧಿಕಾರಸ್ಥರ ಅನುಮತಿ ಬೇಕು. ಅವರನ್ನು ಅಲ್ಲಿ ಕೂಡಿಹಾಕಿದ ಆಡಳಿತವೇ ಅನುಮತಿ ಕೊಡಬೇಕಾದಾಗ ಲಾರಿಗಳು ದಾರಿಯಲ್ಲೇ ನಿಲ್ಲುತ್ತವೆ.

ಬಾಂಗ್ಲಾದೇಶ 1951ರ ಒಪ್ಪಂದಕ್ಕೆ ಸಹಿ ಮಾಡಿಲ್ಲ. ಭಾರತವೂ ಮಾಡಿಲ್ಲ. ಆದ್ದರಿಂದ ಬಾಂಗ್ಲಾ ಸರ್ಕಾರದ ಕಡತಗಳಲ್ಲಿ 2017ರಲ್ಲಿ ಬಂದವರನ್ನು ನಿರಾಶ್ರಿತರೆಂದು ಕರೆಯದೆ, ಬಲವಂತವಾಗಿ ನೆಲೆ ತಪ್ಪಿದ ಮ್ಯಾನ್ಮಾರ್ ಪ್ರಜೆಗಳು ಎನ್ನಲಾಗುತ್ತದೆ. ಅವರು ತಾತ್ಕಾಲಿಕ ಅತಿಥಿಗಳು, ಹಿಂತಿರುಗಲೇಬೇಕಾದವರು ಎಂಬುದು ಈ ಹೆಸರಿನ ಹಿಂದಿನ ನಿಲುವು. ಶಿಬಿರದಲ್ಲಿ ಪಕ್ಕಾ ಮನೆ ಕಟ್ಟಬಾರದು, ಹೊರಗೆ ಕೆಲಸ ಮಾಡಬಾರದು ಎಂಬ ನಿಯಮಗಳೆಲ್ಲ ಈ ನಿಲುವಿನಿಂದಲೇ ಬಂದಿವೆ.

ನೆರವಿಗೆ ವ್ಯವಸ್ಥೆ ಏಕೆ ಬೇಕು?

2017ರ ಸೆಪ್ಟೆಂಬರ್‌ನಲ್ಲಿ ಬಾಂಗ್ಲಾದೇಶದ ಊರೂರುಗಳಿಂದ ಜನ ಸ್ವಂತ ಖರ್ಚಿನಲ್ಲಿ ಲಾರಿ ತುಂಬ ಬಟ್ಟೆ, ಅಕ್ಕಿ, ಬಿಸ್ಕತ್ತು ತಂದರು. ಅವರ ಉದ್ದೇಶದಲ್ಲಿ ಕೊರತೆ ಇರಲಿಲ್ಲ. ಆದರೆ ಚಲಿಸುವ ಲಾರಿಯಿಂದ ಎಸೆದ ವಸ್ತುಗಳಿಗಾಗಿ ರಸ್ತೆಯ ಮೇಲೆ ನೂಕುನುಗ್ಗಲಾಯಿತು. ಗಟ್ಟಿಮುಟ್ಟಾದವರಿಗೆ ಸಿಕ್ಕಿತು, ಬಾಣಂತಿಯರು, ಮುದುಕರು, ಒಂಟಿ ಮಕ್ಕಳು ಹಿಂದೆ ಉಳಿದರು. ಬಟ್ಟೆ ಹಂಚುವಾಗ ನಡೆದ ಇಂಥದೊಂದು ಕಾಲ್ತುಳಿತದಲ್ಲಿ ಒಬ್ಬ ಮಹಿಳೆ ಮತ್ತು ಇಬ್ಬರು ಮಕ್ಕಳು ಸತ್ತರು. ಯಾರಿಗೂ ಬೇಡವಾದ ಹಳೆಯ ಬಟ್ಟೆಗಳು ರಸ್ತೆಬದಿಯ ಕೆಸರಿನಲ್ಲಿ ರಾಶಿ ಬಿದ್ದವು. ಇದರ ನಂತರ ಹಂಚಿಕೆಯನ್ನು ಸೇನೆ ಮತ್ತು ಜಿಲ್ಲಾಡಳಿತದ ಮೂಲಕವೇ ಮಾಡಬೇಕೆಂಬ ನಿಯಮ ಬಂತು.

ಈಗಿನ ವ್ಯವಸ್ಥೆ ಮೂರು ಹಂತಗಳಲ್ಲಿದೆ. ಮೇಲ್ಮಟ್ಟದಲ್ಲಿ ಬಾಂಗ್ಲಾ ಸರ್ಕಾರದ ನಿರಾಶ್ರಿತ ಪರಿಹಾರ ಮತ್ತು ವಾಪಸಾತಿ ಆಯುಕ್ತರ ಕಚೇರಿಯಿದೆ. ಪ್ರತಿ ಶಿಬಿರಕ್ಕೂ ಒಬ್ಬ ಸರ್ಕಾರಿ ಅಧಿಕಾರಿ ಉಸ್ತುವಾರಿಯಾಗಿರುತ್ತಾರೆ. ಎರಡನೆಯದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು: ರಕ್ಷಣೆ ಮತ್ತು ನೋಂದಣಿಗೆ ನಿರಾಶ್ರಿತರ ಹೈಕಮಿಷನರ್ ಕಚೇರಿ, ಅಂದರೆ ಯುಎನ್‌ಎಚ್‌ಸಿಆರ್, ಆಹಾರಕ್ಕೆ ವಿಶ್ವ ಆಹಾರ ಕಾರ್ಯಕ್ರಮ, ಮಕ್ಕಳಿಗೆ ಯುನಿಸೆಫ್, ವಸತಿ, ಶಿಬಿರ ನಿರ್ವಹಣೆಯಲ್ಲಿ ಅಂತರರಾಷ್ಟ್ರೀಯ ವಲಸೆ ಸಂಸ್ಥೆ, ರೋಗ ನಿಯಂತ್ರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ. ಮೂರನೆಯದು ನೆಲಮಟ್ಟದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು. ಬಾಂಗ್ಲಾದೇಶದ್ದೇ ಆದ ಬ್ರ್ಯಾಕ್, ರೆಡ್ ಕ್ರೆಸೆಂಟ್, ಗಡಿಗಳಿಲ್ಲದ ವೈದ್ಯರು ಮೊದಲಾದವು ಇದರಲ್ಲಿ ಸೇರಿವೆ. ಒಂದೇ ಓಣಿಗೆ ಎರಡು ಸಂಸ್ಥೆಗಳು ಸೋಪು ಹಂಚಿ, ಪಕ್ಕದ ಓಣಿಗೆ ಯಾರೂ ಹೋಗದಂತೆ ಆಗಬಾರದೆಂದು ಎಲ್ಲರನ್ನೂ ಕೂಡಿಸುವ ಸಮನ್ವಯ ಸಮಿತಿಯೊಂದಿದೆ.

ಇದಕ್ಕೆಲ್ಲ ಬುನಾದಿ ನೋಂದಣಿ. 2018ರ ಜೂನ್‌ನಿಂದ ಬಾಂಗ್ಲಾ ಸರ್ಕಾರ ಮತ್ತು ಯುಎನ್‌ಎಚ್‌ಸಿಆರ್ ಜೊತೆಯಾಗಿ ಪ್ರತಿ ಕುಟುಂಬದ ಬೆರಳಚ್ಚು, ಕಣ್ಣಿನ ಗುರುತು, ಭಾವಚಿತ್ರ ಪಡೆದು ಕಾರ್ಡ್ ಕೊಟ್ಟವು. ಹುಟ್ಟಿದ ದೇಶ ಯಾವ ಕಾಗದವನ್ನೂ ಕೊಡದಿದ್ದ ಅನೇಕರಿಗೆ ಇದು ತಮ್ಮ ಹೆಸರು ಬರೆದ ಮೊದಲ ಗುರುತಿನ ಚೀಟಿಯಾಯಿತು.

ಪಡಿತರ: ಮೂಟೆಯಿಂದ ಕಾರ್ಡಿಗೆ

ಮೊದಲ ತಿಂಗಳುಗಳಲ್ಲಿ ಅಕ್ಕಿ, ಬೇಳೆ, ಅಡುಗೆ ಎಣ್ಣೆ ಈ ಮೂರನ್ನು ಮಾತ್ರ ಹಂಚಲಾಗುತ್ತಿತ್ತು. ಹೊಟ್ಟೆ ತುಂಬಿದರೂ ತರಕಾರಿ, ಉಪ್ಪು, ಮೆಣಸಿನಕಾಯಿಗೆ ದಾರಿ ಇರಲಿಲ್ಲ. ಹಾಗಾಗಿ ಸಿಕ್ಕಿದ ಅಕ್ಕಿಯಲ್ಲೇ ಒಂದು ಪಾಲನ್ನು ಕಡಿಮೆ ಬೆಲೆಗೆ ಮಾರಿ ಬೇಕಾದ್ದನ್ನು ಕೊಳ್ಳುತ್ತಿದ್ದರು. ನೂರು ರೂಪಾಯಿಯ ನೆರವು ಕೈಗೆ ಬರುವಾಗ ಎಪ್ಪತ್ತು ರೂಪಾಯಿಯದಾಗುತ್ತಿತ್ತು ಎಂದು ಅರ್ಥಮಾಡಿಕೊಳ್ಳಬಹುದು.

ಶಿಬಿರದವರ ಕೈಗೆ ನಗದು ಕೊಡುವುದಕ್ಕೆ ಸರ್ಕಾರದ ಒಪ್ಪಿಗೆ ಇರಲಿಲ್ಲ. ಆದ್ದರಿಂದ ವಿಶ್ವ ಆಹಾರ ಕಾರ್ಯಕ್ರಮ ನಡುವಿನ ಹಾದಿ ಹಿಡಿಯಿತು. ಪ್ರತಿ ತಿಂಗಳು ಕುಟುಂಬದ ಕಾರ್ಡಿಗೆ ಸದಸ್ಯರ ಸಂಖ್ಯೆಗೆ ತಕ್ಕಷ್ಟು ಮೊತ್ತ ಜಮೆಯಾಗುತ್ತದೆ. ಶಿಬಿರದೊಳಗಿನ ನಿಗದಿತ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ, ಬೇಳೆ, ಎಣ್ಣೆ, ಈರುಳ್ಳಿ, ಆಲೂಗಡ್ಡೆ, ಸೊಪ್ಪು, ಮೊಟ್ಟೆ, ಮೀನು ಹೀಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಮನೆಯಲ್ಲಿ ಬಾಣಂತಿ ಇದ್ದರೆ ಒಂದು ಬಗೆ, ಮುದುಕರಿದ್ದರೆ ಇನ್ನೊಂದು ಬಗೆ. ಆಯ್ಕೆ ಮನೆಯವರದು. ಅಂಗಡಿಗೆ ಸರಕು ಪೂರೈಸುವವರು ಬಾಂಗ್ಲಾದೇಶದ ವ್ಯಾಪಾರಿಗಳೇ ಆದ್ದರಿಂದ ಹಣ ಅಲ್ಲಿನ ಮಾರುಕಟ್ಟೆಗೂ ಹೋಗುತ್ತದೆ.

ತುರ್ತು ನೆರವಿನಲ್ಲಿ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲರಿ ಸಿಗಬೇಕು ಎಂಬುದು ಅಂತರರಾಷ್ಟ್ರೀಯ ಅಳತೆ. ತಿಂಗಳಿಗೆ 12 ಡಾಲರ್ ಎಂಬ ಮೊತ್ತ ಈ ಕನಿಷ್ಠ ಅಗತ್ಯಕ್ಕಾಗಿ ಲೆಕ್ಕಹಾಕಿದ್ದು. 2023ರಲ್ಲಿ ದಾನಿ ದೇಶಗಳ ಹಣ ಕಡಿಮೆಯಾಯಿತು. ಮಾರ್ಚ್‌ನಲ್ಲಿ 12 ಇದ್ದದ್ದು 10ಕ್ಕೆ, ಜೂನ್‌ನಲ್ಲಿ 8 ಡಾಲರಿಗೆ ಇಳಿಯಿತು. 8 ಡಾಲರ್ ಎಂದರೆ ದಿನಕ್ಕೆ ಸುಮಾರು 22 ರೂಪಾಯಿ, ಒಂದು ಊಟಕ್ಕೆ ಏಳು ರೂಪಾಯಿ. ಅದೇ ವರ್ಷದ ಕೊನೆಗೆ ಮಕ್ಕಳಲ್ಲಿ ತೀವ್ರ ಅಪೌಷ್ಟಿಕತೆಯ ಪ್ರಮಾಣ ಶೇಕಡಾ 15ನ್ನು ದಾಟಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು ತುರ್ತು ಪರಿಸ್ಥಿತಿಯ ಗಡಿ. 2017ರ ನಂತರ ಶಿಬಿರಗಳಲ್ಲಿ ಕಂಡ ಅತಿ ಹೆಚ್ಚಿನ ಪ್ರಮಾಣವೂ ಅದೇ. 2024ರಲ್ಲಿ ಮೊತ್ತವನ್ನು ಹಂತಹಂತವಾಗಿ ಮತ್ತೆ ಏರಿಸಲಾಯಿತು. ಎರಡು ಡಾಲರ್, ನಾಲ್ಕು ಡಾಲರ್‌ನ ವ್ಯತ್ಯಾಸ ಮಗುವಿನ ತೋಳಿನ ಸುತ್ತಳತೆಯಲ್ಲಿ ಕಾಣಿಸಿಕೊಳ್ಳಲು ಕೆಲವು ತಿಂಗಳು ಸಾಕಾಯಿತು.

ನೀರು ಮತ್ತು ಆರೋಗ್ಯ

2017ರ ಆತುರದಲ್ಲಿ ಸಾವಿರಾರು ಕೈಪಂಪುಗಳನ್ನು ಹಾಕಲಾಯಿತು. ಬಹಳಷ್ಟು ಕೊಳವೆಗಳು ಆಳಕ್ಕೆ ಹೋಗಿರಲಿಲ್ಲ. ಪಕ್ಕದಲ್ಲೇ ಶೌಚದ ಗುಂಡಿಗಳು. ಮಳೆ ಬಂದಾಗ ಎರಡೂ ಬೆರೆತವು. ನೀರಿನ ಮಾದರಿಗಳಲ್ಲಿ ಮಲದ ಅಂಶ ಕಂಡುಬಂತು. ಲಕ್ಷಾಂತರ ಜನ ಒತ್ತಾಗಿ ಇರುವ ಕಡೆ ಕಾಲರಾ ಹರಡಿದರೆ ತಡೆಯುವುದು ಕಷ್ಟ. ಅದಕ್ಕಾಗಿ 2017ರ ಅಕ್ಟೋಬರ್‌ನಲ್ಲೇ ಒಂಬತ್ತು ಲಕ್ಷ ಡೋಸ್ ಬಾಯಿ ಲಸಿಕೆ ತರಿಸಿ ಕೆಲವೇ ದಿನಗಳಲ್ಲಿ ಕುಡಿಸಲಾಯಿತು. ಹೆದರಿದಂಥ ಕಾಲರಾ ಮಾರಿ ಆಗ ಬರಲಿಲ್ಲ. ಆದರೆ ನವೆಂಬರ್‌ನಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ ಕಾಣಿಸಿಕೊಂಡಿತು. ಬಾಲ್ಯದ ಲಸಿಕೆಗಳು ಸರಿಯಾಗಿ ಸಿಗದಿದ್ದ ಸಮುದಾಯದಲ್ಲಿ ಅದು ಬೇಗ ಹರಡಿತು. ಸಾವಿರಾರು ಜನರಿಗೆ ಚಿಕಿತ್ಸೆ ನೀಡಿ, ಮಕ್ಕಳಿಗೆ ಲಸಿಕೆ ಹಾಕಿ ಅದನ್ನು ಹತೋಟಿಗೆ ತರಲಾಯಿತು.

ನಂತರದ ವರ್ಷಗಳಲ್ಲಿ ಆಳದ ಕೊಳವೆಬಾವಿ ತೋಡಿ, ಸೌರಶಕ್ತಿಯ ಪಂಪಿನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರೆತ್ತಿ, ಕ್ಲೋರಿನ್ ಬೆರೆಸಿ ಓಣಿಯ ನಲ್ಲಿಗಳಿಗೆ ಹರಿಸುವ ವ್ಯವಸ್ಥೆ ಬಂತು. ಶೌಚದ ಗುಂಡಿಗಳ ಕೊಳಚೆಯನ್ನು ಶಿಬಿರದಲ್ಲೇ ಶುದ್ಧೀಕರಿಸುವ ಘಟಕಗಳು ಬಂದವು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ ಎಂಬುದು ನೆರವಿನ ಸಂಸ್ಥೆಗಳು ಒಪ್ಪಿಕೊಂಡಿರುವ ಅಳತೆ. ಟೆಕ್ನಾಫ್ ಭಾಗದಲ್ಲಿ ಅಂತರ್ಜಲ ಕಡಿಮೆ ಇರುವುದರಿಂದ ಬೇಸಿಗೆಯಲ್ಲಿ ಈ ಅಳತೆ ಮುಟ್ಟುವುದು ಕಷ್ಟವಾಗುತ್ತದೆ.

ಸೌದೆ, ಗ್ಯಾಸ್ ಮತ್ತು ಆನೆ

ಶಿಬಿರಗಳು ಎದ್ದದ್ದು ಮೀಸಲು ಅರಣ್ಯದ ನೆಲದಲ್ಲಿ. ಮೊದಲು ಗುಡಿಸಲಿಗಾಗಿ ಸಾವಿರಾರು ಎಕರೆ ಕಾಡು ಬಯಲಾಯಿತು. ನಂತರ ಒಲೆಗಾಗಿ ದಿನಕ್ಕೆ ನೂರಾರು ಟನ್ ಸೌದೆ ಬೇಕಾಯಿತು. ಮರ ಮುಗಿದ ಮೇಲೆ ಬೇರುಗಳನ್ನೂ ಅಗೆದು ತಂದರು. ಬೇರು ಹೋದ ಗುಡ್ಡಗಳು ಮಳೆಗೆ ಜಾರತೊಡಗಿದವು. ಸೌದೆಗೆ ದೂರ ಹೋಗುತ್ತಿದ್ದ ಹೆಂಗಸರು, ಮಕ್ಕಳಿಗೆ ಕಿರುಕುಳದ ಭಯವೂ ಇತ್ತು. ಊರಿನವರೊಂದಿಗೆ ಜಗಳಕ್ಕೂ ಸೌದೆಯೇ ಕಾರಣವಾಗುತ್ತಿತ್ತು.

2018ರ ಆಗಸ್ಟ್‌ನಿಂದ ಕುಟುಂಬಗಳಿಗೆ ಅಡುಗೆ ಅನಿಲದ ಒಲೆ ಮತ್ತು ಸಿಲಿಂಡರ್ ಕೊಡಲು ಆರಂಭಿಸಲಾಯಿತು. ಸೌದೆಯ ಬಳಕೆ ಬಹುಮಟ್ಟಿಗೆ ನಿಂತಿತು. ಗುಡಿಸಲಿನ ಹೊಗೆ ಕಡಿಮೆಯಾಯಿತು, ಮಕ್ಕಳಿಗೆ ಸೌದೆ ಹೊರುವ ಕೆಲಸ ತಪ್ಪಿತು, ಗಿಡ ನೆಟ್ಟ ಗುಡ್ಡಗಳಲ್ಲಿ ಮತ್ತೆ ಹಸಿರು ಕಾಣಿಸಿತು. ಒಂದು ಸಿಲಿಂಡರ್‌ನಿಂದ ಆರೋಗ್ಯ, ಸುರಕ್ಷತೆ, ಕಾಡು ಮೂರಕ್ಕೂ ಅನುಕೂಲವಾದ ಉದಾಹರಣೆ ಇದು.

ಈ ಕಾಡು ಏಷ್ಯಾದ ಆನೆಗಳ ದಾರಿಯೂ ಹೌದು. ಸುಮಾರು 40 ಆನೆಗಳು ಉಖಿಯಾ–ಟೆಕ್ನಾಫ್ ಕಾಡುಗಳಲ್ಲಿದ್ದು, ಗಡಿಯಾಚೆಗೆ ಓಡಾಡುತ್ತಿದ್ದವು. ಕುಟುಪಲಾಂಗ್ ಶಿಬಿರ ಆ ದಾರಿಗೆ ಅಡ್ಡವಾಗಿ ಬೆಳೆಯಿತು. ರಾತ್ರಿ ತಮ್ಮ ಹಳೆಯ ಜಾಡು ಹಿಡಿದು ಬಂದ ಆನೆಗಳು ತಾರ್ಪಾಲಿನ ಗುಡಿಸಲುಗಳ ನಡುವೆ ಸಿಕ್ಕಿಬಿದ್ದು ಗಾಬರಿಗೊಂಡವು. ಮೊದಲ ಕೆಲವು ತಿಂಗಳಲ್ಲಿ ಕನಿಷ್ಠ ಹತ್ತು ನಿರಾಶ್ರಿತರು ತುಳಿತಕ್ಕೆ ಸಿಕ್ಕಿ ಸತ್ತರು. ಕೊಡಗು, ಹಾಸನ ಕಡೆಯವರಿಗೆ ಈ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಯುಎನ್‌ಎಚ್‌ಸಿಆರ್ ಮತ್ತು ಐಯುಸಿಎನ್ ಪ್ರಕೃತಿ ಸಂರಕ್ಷಣಾ ಸಂಸ್ಥೆ ಸೇರಿ ಶಿಬಿರದ ಅಂಚಿನಲ್ಲಿ ಕಾವಲು ಗೋಪುರಗಳನ್ನು ನಿಲ್ಲಿಸಿದವು. ನಿರಾಶ್ರಿತರಲ್ಲೇ ನೂರಾರು ಜನರನ್ನು ಆರಿಸಿ ತರಬೇತಿ ಕೊಟ್ಟವು. ಆನೆ ಕಂಡರೆ ಗುಂಪು ಸೇರದಂತೆ ಜನರನ್ನು ತಡೆಯುವುದು, ಬೆಳಕು ಮತ್ತು ಸದ್ದಿನಿಂದ ಆನೆಗೆ ಗಾಯವಾಗದಂತೆ ಅದನ್ನು ಕಾಡಿನತ್ತ ತಿರುಗಿಸುವುದು ಅವರ ಕೆಲಸ. ಆಮೇಲೆ ಶಿಬಿರದೊಳಗೆ ಸಾವುಗಳು ನಿಂತವು. ಆನೆಗಳನ್ನೂ ಕೊಲ್ಲಲಿಲ್ಲ. ಆದರೆ ಮುಚ್ಚಿಹೋದ ದಾರಿ ಮುಚ್ಚಿಯೇ ಇದೆ. ಆ ಆನೆಗಳೂ ಒಂದು ಬಗೆಯಲ್ಲಿ ನೆಲೆ ತಪ್ಪಿದವೇ.

ಬಿದಿರಿನ ಮನೆ, ಬೆಂಕಿಯ ಭಯ

ಶಿಬಿರದಲ್ಲಿ ರಸ್ತೆ, ಬಯಲು, ಸಾಮೂಹಿಕ ಜಾಗ ಎಲ್ಲ ಸೇರಿ ಒಬ್ಬರಿಗೆ 45 ಚದರ ಮೀಟರ್ ಇರಬೇಕೆಂಬುದು ಅಂತರರಾಷ್ಟ್ರೀಯ ಅಳತೆ. ಕುಟುಪಲಾಂಗ್‌ನ ಹಲವು ಭಾಗಗಳಲ್ಲಿ ಅದರ ಮೂರನೇ ಒಂದು ಪಾಲೂ ಇಲ್ಲ. ಗೋಡೆಗೆ ಗೋಡೆ ತಾಗಿದ ಗುಡಿಸಲುಗಳಲ್ಲಿ ಒಂದು ಕಿಡಿ ಸಾಕು. 2021ರ ಮಾರ್ಚ್ 22ರಂದು ಬಾಲುಖಾಲಿ ಭಾಗದಲ್ಲಿ ಹತ್ತಿದ ಬೆಂಕಿಯಲ್ಲಿ ಹತ್ತಕ್ಕೂ ಹೆಚ್ಚು ಜನ ಸತ್ತರು, ಸುಮಾರು 45,000 ಜನ ಒಂದೇ ಸಂಜೆಯಲ್ಲಿ ಮತ್ತೆ ಮನೆ ಕಳೆದುಕೊಂಡರು. ಶಿಬಿರದ ಸುತ್ತಲಿನ ಮುಳ್ಳುತಂತಿ ಬೇಲಿ ಓಡುವವರಿಗೆ ಅಡ್ಡವಾಯಿತು ಎಂಬ ದೂರು ಆಗ ಕೇಳಿಬಂತು. 2023ರ ಮಾರ್ಚ್‌ನಲ್ಲಿ ಇನ್ನೊಂದು ಬೆಂಕಿಗೆ ಸುಮಾರು 12,000 ಜನ ನಿರ್ವಸಿತರಾದರು. ಅದೇ ಮೇ ತಿಂಗಳಲ್ಲಿ ಮೋಕಾ ಚಂಡಮಾರುತ ಬಂತು. ಪ್ರತಿ ಮಳೆಗಾಲದಲ್ಲೂ ಗುಡ್ಡ ಕುಸಿತದ ಭಯ ಇದ್ದೇ ಇದೆ.

ಇಟ್ಟಿಗೆ, ಸಿಮೆಂಟ್ ಬಳಸಲು ಅನುಮತಿ ಇಲ್ಲದ ಕಾರಣ ಬಿದಿರನ್ನೇ ಗಟ್ಟಿಗೊಳಿಸುವ ದಾರಿ ಹುಡುಕಲಾಯಿತು. ಹುಳು ಕೊರೆದು ಬೇಗ ಹಾಳಾಗುತ್ತಿದ್ದ ಬಿದಿರನ್ನು ಮೊದಲೇ ಸಂಸ್ಕರಿಸಿ ಬಾಳಿಕೆ ಹೆಚ್ಚಿಸುವ ಘಟಕಗಳು ಶಿಬಿರಗಳಲ್ಲಿವೆ. ಚಂಡಮಾರುತದ ಮುನ್ಸೂಚನೆ ಬಂದಾಗ ಮನೆ ಮನೆಗೆ ಹೋಗಿ ಎಚ್ಚರಿಸಲು, ಬೆಂಕಿ ನಂದಿಸಲು ನಿರಾಶ್ರಿತ ಸ್ವಯಂಸೇವಕರ ತಂಡಗಳೂ ಇವೆ. 2020ರ ಡಿಸೆಂಬರ್‌ನಿಂದ ಸುಮಾರು 30,000 ಜನರನ್ನು ಬಂಗಾಳ ಕೊಲ್ಲಿಯ ಭಾಸನ್ ಚಾರ್ ದ್ವೀಪದ ಪಕ್ಕಾ ಕಟ್ಟಡಗಳಿಗೆ ಸ್ಥಳಾಂತರಿಸಲಾಯಿತು. ಅಲ್ಲಿ ಸೂರು ಗಟ್ಟಿ. ಆದರೆ ಸುತ್ತಲೂ ಸಮುದ್ರ, ಹೊರಗೆ ಹೋಗಲು ಅನುಮತಿ ಬೇಕು.

ಓದು ಮತ್ತು ಕೆಲಸ

ಬಾಂಗ್ಲಾದೇಶದ ಶಾಲೆಗಳಿಗೆ ರೋಹಿಂಗ್ಯಾ ಮಕ್ಕಳಿಗೆ ಪ್ರವೇಶವಿಲ್ಲ. ಶಿಬಿರಗಳಲ್ಲಿ ಯುನಿಸೆಫ್ ಮತ್ತಿತರ ಸಂಸ್ಥೆಗಳು ಬಿದಿರಿನ ಕಲಿಕಾ ಕೇಂದ್ರಗಳನ್ನು ನಡೆಸುತ್ತವೆ. ಸಾಮಾನ್ಯವಾಗಿ ಊರಿನ ಒಬ್ಬ ಬಾಂಗ್ಲಾ ಶಿಕ್ಷಕಿ, ಒಬ್ಬ ರೋಹಿಂಗ್ಯಾ ಶಿಕ್ಷಕ ಜೊತೆಯಾಗಿ ಕಲಿಸುತ್ತಾರೆ. 2021ರ ಕೊನೆಯಲ್ಲಿ ಮ್ಯಾನ್ಮಾರ್ ಪಠ್ಯಕ್ರಮವನ್ನು ಪರಿಚಯಿಸಲಾಯಿತು. ಒಂದು ದಿನ ಹಿಂತಿರುಗಿದರೆ ಅಲ್ಲಿನ ಶಾಲೆಗೆ ಸೇರಲು ಅನುಕೂಲವಾಗಲಿ ಎಂಬುದು ಉದ್ದೇಶ.

2025ರ ಜೂನ್‌ನಲ್ಲಿ ಹಣದ ಕೊರತೆಯಿಂದ ಯುನಿಸೆಫ್ ನೆರವಿನ ಈ ಕೇಂದ್ರಗಳ ಪಾಠ ನಿಂತಿತು. ಸಾವಿರಕ್ಕೂ ಹೆಚ್ಚು ಸ್ಥಳೀಯ ಶಿಕ್ಷಕರು ಕೆಲಸ ಕಳೆದುಕೊಂಡರು. ಪಾಠ ನಿಂತಾಗ ಬಾಲ್ಯವಿವಾಹ, ಬಾಲಕಾರ್ಮಿಕತನ ಹೆಚ್ಚುತ್ತದೆ ಎಂದು ಮಕ್ಕಳ ಸಂಸ್ಥೆಗಳು ಎಚ್ಚರಿಸಿದವು. ಓದೂ ಇಲ್ಲ, ಕೆಲಸವೂ ಇಲ್ಲ ಎಂಬಲ್ಲಿ ಯುವಕರು ಮಾನವ ಸಾಗಣೆದಾರರ ದೋಣಿ ಹತ್ತುತ್ತಾರೆ. 2023ರಲ್ಲಿ ಅಂಡಮಾನ್ ಸಮುದ್ರ ಮತ್ತು ಬಂಗಾಳ ಕೊಲ್ಲಿಯಲ್ಲಿ 569 ರೋಹಿಂಗ್ಯಾಗಳು ಸತ್ತರು ಅಥವಾ ಕಾಣೆಯಾದರು ಎಂದು ಯುಎನ್‌ಎಚ್‌ಸಿಆರ್ ದಾಖಲಿಸಿದೆ.

ದುಡಿದು ತಿನ್ನಲು ಅವಕಾಶ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. 1960ರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಮೊದಲ ವರ್ಷಗಳ ಕಷ್ಟದ ನಂತರ ಅವರು ಮೆಕ್ಕೆಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು, ಚಳಿಗಾಲದಲ್ಲಿ ಊರೂರಿಗೆ ಬಂದು ಸ್ವೆಟರ್ ಮಾರಿದರು. ಸಂಖ್ಯೆ ಚಿಕ್ಕದು, ಕಾಲ ಬೇರೆ. ಆದರೂ ನೆಲ ಮತ್ತು ಕೆಲಸ ಸಿಕ್ಕಲ್ಲಿ ಪಡಿತರದ ಅಗತ್ಯ ಕ್ರಮೇಣ ಇಳಿಯುತ್ತದೆ ಎಂಬುದು ಅಲ್ಲಿ ಕಂಡ ಸತ್ಯ.

ಜಾಗ ಕೊಟ್ಟ ಊರಿನವರು

ಉಖಿಯಾ ಮತ್ತು ಟೆಕ್ನಾಫ್‌ನಲ್ಲಿ ಈಗ ಸ್ಥಳೀಯರಿಗಿಂತ ನಿರಾಶ್ರಿತರೇ ಹೆಚ್ಚು. 2017ರಲ್ಲಿ ಮೊದಲ ಅನ್ನ ಬಡಿಸಿದವರು ಇಲ್ಲಿನ ಹಳ್ಳಿಗರು. ಕಾಲ ಕಳೆದಂತೆ ಕೂಲಿ ಇಳಿಯಿತು, ಸಾಮಾನುಗಳ ಬೆಲೆ ಏರಿತು, ಗೋಮಾಳ ಮತ್ತು ಕಾಡು ಕೈತಪ್ಪಿತು, ರಸ್ತೆಗಳಲ್ಲಿ ಲಾರಿಗಳ ಸಾಲು ಹೆಚ್ಚಿತು. ತಾವೂ ಬಡವರು, ನೆರವು ಮಾತ್ರ ಅವರಿಗೆ ಎಂಬ ಅಸಮಾಧಾನ ಸಹಜವಾಗಿ ಮೂಡಿತು. ಹೀಗಾಗಿ ನೆರವಿನ ಯೋಜನೆಗಳಲ್ಲಿ ಊರಿನವರ ಪಾಲನ್ನೂ ಸೇರಿಸಲಾಗುತ್ತದೆ. ಅವರ ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಕೃಷಿಗೆ ಹಣ ಇಡಲಾಗುತ್ತದೆ. ಆಶ್ರಯ ಕೊಟ್ಟವರನ್ನು ಮರೆತ ನೆರವು ಹೆಚ್ಚು ಕಾಲ ನಿಲ್ಲುವುದಿಲ್ಲ ಎಂಬುದು ಸಂಸ್ಥೆಗಳು ಅನುಭವದಿಂದ ಕಲಿತ ಪಾಠ.

ಹಣ ಎಲ್ಲಿಂದ?

ವಿಶ್ವ ಆಹಾರ ಕಾರ್ಯಕ್ರಮ ನಡೆಯುವುದು ಪೂರ್ತಿಯಾಗಿ, ಯುಎನ್‌ಎಚ್‌ಸಿಆರ್ ನಡೆಯುವುದು ಬಹುತೇಕ, ಸ್ವಇಚ್ಛೆಯ ದೇಣಿಗೆಯಿಂದ. ಯಾವ ದೇಶವೂ ಇಷ್ಟೇ ಕೊಡಬೇಕೆಂಬ ಕಡ್ಡಾಯವಿಲ್ಲ. ಎಲ್ಲ ಸಂಸ್ಥೆಗಳೂ ಕೂಡಿ ಜಂಟಿ ಯೋಜನೆಯೊಂದನ್ನು ಮಾಡಿ ಮನವಿ ಮುಂದಿಡುತ್ತವೆ. 2024ರಲ್ಲಿ ಕೇಳಿದ್ದು 85 ಕೋಟಿ ಡಾಲರ್. 2025ರಲ್ಲಿ ಊರಿನವರೂ ಸೇರಿ ಸುಮಾರು 14.8 ಲಕ್ಷ ಜನರಿಗಾಗಿ 93.45 ಕೋಟಿ ಡಾಲರ್ ಕೇಳಲಾಯಿತು. ಕೇಳಿದಷ್ಟು ಬರುವುದು ಅಪರೂಪ.

2024ರಲ್ಲಿ ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದ್ದು. 2025ರಲ್ಲಿ ಅಮೆರಿಕ ವಿದೇಶಿ ನೆರವನ್ನು ಕಡಿತಗೊಳಿಸಿದಾಗ ಇಡೀ ವ್ಯವಸ್ಥೆ ಅಲುಗಾಡಿತು. ಏಪ್ರಿಲ್‌ನಿಂದ ಪಡಿತರ 6 ಡಾಲರಿಗೆ ಇಳಿಯಲಿದೆ ಎಂದು ಮಾರ್ಚ್ ಆರಂಭದಲ್ಲಿ ಪ್ರಕಟಿಸಲಾಯಿತು. ತಿಂಗಳ ಕೊನೆಗೆ ಹಣ ಹೊಂದಿಕೆಯಾಗಿ 12 ಡಾಲರ್ ಉಳಿಯಿತು. ಒಂದೇ ದಾನಿಯ ಮೇಲೆ ಹತ್ತು ಲಕ್ಷ ಜನರ ಊಟ ನಿಂತರೆ ಆಗುವ ಅಪಾಯವನ್ನು ಆ ತಿಂಗಳು ತೋರಿಸಿತು.

ಭಾರತ ಸರ್ಕಾರ 2017ರ ಸೆಪ್ಟೆಂಬರ್‌ನಲ್ಲಿ ‘ಆಪರೇಷನ್ ಇನ್ಸಾನಿಯತ್’ ಹೆಸರಿನಲ್ಲಿ ಅಕ್ಕಿ, ಬೇಳೆ, ಸಕ್ಕರೆ, ಉಪ್ಪು, ಎಣ್ಣೆ, ಸೊಳ್ಳೆ ಪರದೆ ಮೊದಲಾದವನ್ನು ಬಾಂಗ್ಲಾದೇಶಕ್ಕೆ ಕಳುಹಿಸಿತು. 53 ಟನ್‌ಗಳ ಮೊದಲ ಕಂತು ವಾಯುಪಡೆಯ ವಿಮಾನದಲ್ಲಿ ಚಿತ್ತಗಾಂಗ್ ತಲುಪಿತು. ಹಿಂತಿರುಗುವವರಿಗಾಗಿ ರಖೈನ್‌ನಲ್ಲಿ 250 ಮನೆಗಳನ್ನೂ ಭಾರತ ಕಟ್ಟಿಸಿ 2019ರಲ್ಲಿ ಒಪ್ಪಿಸಿತು.

ಹಿಂತಿರುಗುವ ದಾರಿ

2018ರ ನವೆಂಬರ್‌ನಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ವಾಪಸಾತಿಗೆ ದಿನ ಗೊತ್ತಾಗಿತ್ತು. ಎರಡನೆಯ ಬಾರಿ 3,450 ಜನರ ಪಟ್ಟಿಯೂ ಸಿದ್ಧವಿತ್ತು, ಬಸ್ಸುಗಳೂ ಬಂದು ನಿಂತಿದ್ದವು. ಯಾರೂ ಹತ್ತಲಿಲ್ಲ. ಪೌರತ್ವ, ಸ್ವಂತ ಜಮೀನು, ಜೀವಕ್ಕೆ ರಕ್ಷಣೆ ಸಿಗದೆ ಹೋಗುವುದಿಲ್ಲ ಎಂಬುದು ಅವರ ಮಾತು. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. 2023ರ ನವೆಂಬರ್‌ನಿಂದ ರಖೈನ್‌ನಲ್ಲಿ ಸೇನೆ ಮತ್ತು ಅರಾಕನ್ ಆರ್ಮಿ ನಡುವೆ ಮತ್ತೆ ಯುದ್ಧ ಶುರುವಾಯಿತು. 2024ರ ಡಿಸೆಂಬರ್‌ನಲ್ಲಿ ಗಡಿಯ ಮೌಂಗ್ಡಾ ಅರಾಕನ್ ಆರ್ಮಿಯ ವಶವಾಯಿತು. ಈ ಕಾದಾಟದಿಂದಾಗಿ 2025ರ ಮಧ್ಯಭಾಗದ ಹೊತ್ತಿಗೆ ಸುಮಾರು 1.5 ಲಕ್ಷ ಜನ ಹೊಸದಾಗಿ ಶಿಬಿರಗಳಿಗೆ ಬಂದರು. ಇರುವ ಪಡಿತರದಲ್ಲೇ ಅವರಿಗೂ ಪಾಲು ಹೊಂದಿಸಬೇಕಾಯಿತು.

ಆಹಾರ, ಔಷಧ, ಜ್ಞಾನ, ಅಭಯ ಎಂಬ ನಾಲ್ಕು ದಾನಗಳ ಹೆಸರು ಜೈನ ಮನೆಗಳಲ್ಲಿ ಪರಿಚಿತ. ಕಾಕ್ಸ್ ಬಜಾರ್‌ನಲ್ಲಿ ಮೊದಲ ಮೂರನ್ನು ಹಣ ಕೂಡಿಸಿ ಹೇಗಾದರೂ ತಲುಪಿಸಬಹುದು. ನಾಲ್ಕನೆಯದು ರಖೈನ್‌ನಲ್ಲಿ ಆಳುವವರ ಕೈಯಲ್ಲಿದೆ. ಅದು ಸಿಗುವವರೆಗೆ ಉಳಿದ ಮೂರನ್ನು ನಿಲ್ಲಿಸುವಂತಿಲ್ಲ.

ಕೊಡುವ ಮನೆಯವರು ಗಮನಿಸಬೇಕಾದ್ದು

ಇಂಥ ಸಂಕಟಗಳ ಸುದ್ದಿ ಬಂದಾಗ ಸಹಾಯ ಮಾಡಬಯಸುವ ಕುಟುಂಬಗಳಿಗೆ ಮೇಲಿನ ಅನುಭವದಿಂದ ಕೆಲವು ಸೂಚನೆಗಳು ದೊರೆಯುತ್ತವೆ.

• ವಸ್ತುಗಳಿಗಿಂತ ಹಣ ಒಳ್ಳೆಯದು. ಹಳೆಯ ಬಟ್ಟೆ, ಪಾತ್ರೆ ಸಾಗಿಸುವ ಖರ್ಚೇ ಅವುಗಳ ಬೆಲೆಗಿಂತ ಹೆಚ್ಚಾಗಬಹುದು. ಅದೇ ಹಣದಲ್ಲಿ ಹತ್ತಿರದ ಪೇಟೆಯಲ್ಲೇ ಬೇಕಾದ್ದನ್ನು ಕೊಳ್ಳಬಹುದು.

• ಮೊದಲ ವಾರದಲ್ಲಿ ದೊಡ್ಡ ಮೊತ್ತ ಕೊಟ್ಟು ಮರೆಯುವುದಕ್ಕಿಂತ, ಚಿಕ್ಕ ಮೊತ್ತವನ್ನು ವರ್ಷವಿಡೀ ಕೊಡುವುದು ಉಪಯುಕ್ತ. ಸುದ್ದಿ ತಣ್ಣಗಾದ ಮೇಲೆಯೇ ಪಡಿತರ ಕಡಿತವಾಗುತ್ತದೆ.

• ಆಹಾರದ ಪಟ್ಟಿಯಲ್ಲಿ ಮೊಟ್ಟೆ, ಮೀನು ಇರುವುದರಿಂದ ಹಿಂಜರಿಯುವವರು ನೀರು, ಶಿಕ್ಷಣ, ಚಿಕಿತ್ಸೆ, ಅಡುಗೆ ಅನಿಲ, ವನೀಕರಣದಂಥ ಕೆಲಸ ಮಾಡುವ ಸಂಸ್ಥೆಗಳನ್ನು ಆರಿಸಿಕೊಳ್ಳಬಹುದು.

• ಭಾರತದಲ್ಲಿ ನೋಂದಣಿಯಾದ ಧರ್ಮಾರ್ಥ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ವೆಚ್ಚ ಮಾಡಿ ತೆರಿಗೆ ವಿನಾಯಿತಿ ಪಡೆಯಬೇಕಾದರೆ ನೇರ ತೆರಿಗೆಗಳ ಕೇಂದ್ರೀಯ ಮಂಡಳಿಯ ಒಪ್ಪಿಗೆ ಬೇಕು. ಬಸದಿ ಸಮಿತಿ, ಸಂಘ, ಟ್ರಸ್ಟ್‌ಗಳ ಪದಾಧಿಕಾರಿಗಳು ಹಣ ಕೂಡಿಸುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳುವುದು ಕ್ಷೇಮ.

• ಮೊಬೈಲಿನಲ್ಲಿ ಬರುವ ಕಣ್ಣೀರಿನ ಚಿತ್ರ ಮತ್ತು ಖಾಸಗಿ ಖಾತೆಯ ಸಂಖ್ಯೆಯನ್ನು ನಂಬಿ ಹಣ ಹಾಕಬಾರದು. ಸಂಸ್ಥೆಯ ಹೆಸರು, ನೋಂದಣಿ, ಹಿಂದಿನ ವರ್ಷದ ಲೆಕ್ಕಪತ್ರ, ರಸೀದಿ ಈ ನಾಲ್ಕನ್ನು ನೋಡಿಯೇ ಕೊಡಬೇಕು.

• ದೂರದ ಶಿಬಿರಕ್ಕೆ ಕಳುಹಿಸುವುದು ಸಾಧ್ಯವಾಗದಿದ್ದರೂ ನೆರೆ, ಬರ, ಗುಡ್ಡ ಕುಸಿತದಿಂದ ಮನೆ ಬಿಟ್ಟವರು ರಾಜ್ಯದಲ್ಲೇ ಇದ್ದಾರೆ. ಅವರ ಪರಿಹಾರ ಕೇಂದ್ರಗಳಲ್ಲೂ ಇದೇ ನಿಯಮ ಅನ್ವಯ: ಮೊದಲು ಏನು ಬೇಕೆಂದು ಕೇಳುವುದು, ನಂತರ ಕೊಡುವುದು.